ಮಗಳ ಕಬಡ್ಡಿಗೊಬ್ಬ ದಲಾಲ

ಮೊದಲೇ ಹೇಳಿಬಿಡುತ್ತೇನೆ, ದಲಾಲಿ ನನ್ನ ಕಸುಬು. ಇಂಡಿ ಊರಿನ ಮಾರುಕಟ್ಟೆಯಲ್ಲಿ ನನ್ನದೊಂದು ಲಿಂಬೆಯ ಅಡತಿ ಅಂಗಡಿ ಇದೆ. ರೈತ ಚೀಲ ತರುತ್ತಾನೆ, ಪರವೂರಿನ ವ್ಯಾಪಾರಿ ಬರುತ್ತಾನೆ, ನಡುವೆ ನಾನು ನಿಂತು ಸವಾಲು ಕೂಗುತ್ತೇನೆ. ಲಿಂಬೆ ನಾನು ಬೆಳೆಯುವುದಿಲ್ಲ, ತಿನ್ನುವುದೂ ಇಲ್ಲ, ನನಗೆ ಹುಳಿ ಆಗಿಬರುವುದಿಲ್ಲ. ಆದರೂ ಅದರ ಮೇಲೆ ಮನೆ ಕಟ್ಟಿದ್ದೇನೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ನಮ್ಮ ಕಡೆ ನಡುವೆ ಒಬ್ಬ ಮನುಷ್ಯನಿಲ್ಲದೆ ಯಾವ ಕೆಲಸವೂ ದಡ ಸೇರುವುದಿಲ್ಲ. ಎತ್ತು ಕೊಳ್ಳಲು ಒಬ್ಬ ಬೇಕು, ಬೋರು ಹೊಡೆಸಲು ಜಾಗ ತೋರಿಸುವವನೊಬ್ಬ ಬೇಕು, ಹೆಣ್ಣು ನೋಡಲಂತೂ ಬೇಕೇ ಬೇಕು. ನನ್ನ ಹೆಂಡತಿ ಶಾಂತಾಳ ತವರು ಅಗರಖೇಡ. ಇಂಡಿಯಿಂದ ಬಸ್ಸು ಹತ್ತಿ ಹೋಗಿ ನಾವೇ ಕೇಳಿಬಿಡಬಹುದಿತ್ತು. ಹಾಗೆ ಮಾಡದೆ ಲಚ್ಯಾಣದ ಹಿರಿಯರೊಬ್ಬರನ್ನು ನಡುವೆ ಹಾಕಿಕೊಂಡೆವು. ಅವರು ನಮ್ಮ ಮನೆಗೆ ಬಂದು ‘ಹುಡುಗಿ ಭಾಳ ಶಾಂತ ಸ್ವಭಾವದಾಕಿ’ ಎಂದರು, ಅವರ ಮನೆಗೆ ಹೋಗಿ ‘ಹುಡುಗ ಭಾಳ ಶಾಣ್ಯಾ’ ಎಂದರು. ಇಬ್ಬರಿಗೂ ಹೇಳಿದ್ದು ಎಷ್ಟರಮಟ್ಟಿಗೆ ನಿಜ ಎಂದು ನಾವಿಬ್ಬರೂ ಈಗಲೂ ಲೆಕ್ಕ ಹಾಕುತ್ತಿದ್ದೇವೆ.

ನನ್ನ ಅಂಗಡಿಗೆ ಹೊರ್ತಿಯಿಂದ ಮಲ್ಲಪ್ಪ ಕಾಕಾ ಎಂಬ ರೈತ ಬರುತ್ತಾರೆ. ನಮ್ಮಪ್ಪನ ಕಾಲದಿಂದಲೂ ಅವರ ಲಿಂಬೆ ನಮ್ಮಲ್ಲಿಗೇ. ಮಾರಾಟದ ಲೆಕ್ಕದ ಪಟ್ಟಿ ಕೈಗೆ ಕೊಟ್ಟಾಗಲೆಲ್ಲ ಅವರು ಕನ್ನಡಕ ಮೇಲೆತ್ತಿ ಒಂದೇ ಪ್ರಶ್ನೆ ಕೇಳುತ್ತಾರೆ: “ಸಾವಕಾರ್ರ, ಗಿಡಾ ಹಚ್ಚಿದಾಂವ ನಾನು, ನೀರ ಉಣಿಸಿದಾಂವ ನಾನು, ಕಾಯಿ ಹರದಾಂವ ನಾನು. ನೀವು ಮಾಡಿದ್ದರ ಏನ್ರಿ?” ನಾನೂ ಒಂದೇ ಉತ್ತರ ಕೊಡುತ್ತೇನೆ: “ಕಾಕಾ, ಹೈದರಾಬಾದಿನ ಸೇಠ್ ನಿಮ್ಮನ್ನ ಬಲ್ಲನೇನು? ನನ್ನ ಮಾರಿ ನೋಡಿ ರೇಟ್ ಕೊಡ್ತಾನ.” ಅವರು ನನ್ನ ಮುಖವನ್ನೊಮ್ಮೆ ನೋಡಿ, ಅದರಲ್ಲಿ ರೇಟಿಗೆ ತಕ್ಕದ್ದೇನೂ ಕಾಣದೆ, ಚಹಾ ಕುಡಿದು ಹೋಗುತ್ತಾರೆ. ಈ ಮಾತುಕತೆ ನಮಗಿಬ್ಬರಿಗೂ ರೂಢಿಯಾಗಿಬಿಟ್ಟಿದೆ, ಯಾರಿಗೂ ಸಿಟ್ಟಿಲ್ಲ.

ಇಂಥ ನನ್ನ ಹೊಟ್ಟೆಯಲ್ಲಿ ಭಾಗ್ಯಶ್ರೀ ಹುಟ್ಟಿದಳು. ಕಬಡ್ಡಿ ಆಡುತ್ತಾಳೆ. ನಮ್ಮ ವಂಶದಲ್ಲಿ ಆಟ ಆಡಿದವರು ಯಾರೂ ಇಲ್ಲ. ನಾನು ಸಾಲೆಯಲ್ಲಿದ್ದಾಗ ಒಮ್ಮೆ ಓಟದ ಪಂದ್ಯದಲ್ಲಿ ನಿಂತಿದ್ದೆ. ಮಾಸ್ತರರು ಸೀಟಿ ಊದಿದ ಸದ್ದಿಗೆ ಬೆದರಿ ಹಿಂದಕ್ಕೆ ಓಡಿದೆ. ಅಷ್ಟೇ ನನ್ನ ಕ್ರೀಡಾ ಇತಿಹಾಸ. ಭಾಗ್ಯಾ ಹೈಸ್ಕೂಲಿಗೆ ಹೋಗುವಾಗಲೇ ಮೊಣಕಾಲು ತರಚಿಕೊಂಡು, ಬಟ್ಟೆ ತುಂಬಾ ಮಣ್ಣು ಮೆತ್ತಿಕೊಂಡು ಮನೆಗೆ ಬರುತ್ತಿದ್ದಳು. ಶಾಂತಾ ಆ ಬಟ್ಟೆಗಳನ್ನು ಕಲ್ಲಿನ ಮೇಲೆ ಒಗೆಯುತ್ತ, “ಇಕಿ ಆಡೂದು ಒಂದು ತಾಸು, ನಾ ಒಗಿಯೂದು ಎರಡ ತಾಸು. ಮೆಡಲ್ ಮಾತ್ರ ಇಕಿಗಿ” ಎನ್ನುತ್ತಿದ್ದಳು. ವಾಷಿಂಗ್ ಮಷೀನ್ ಬೇಕು ಎಂಬ ಅವಳ ಬೇಡಿಕೆ ಆಗಲೇ ಹುಟ್ಟಿದ್ದು. ಮುಂದೆ ಆ ಮಷೀನು ಈ ಕಥೆಯಲ್ಲಿ ಬರುತ್ತದೆ, ಅಥವಾ ಬರುವುದಿಲ್ಲ ಎನ್ನುವುದೇ ಸರಿ.

ಈ ವರ್ಷ ಭಾಗ್ಯಾ ಪಿಯುಸಿ ಮುಗಿಸಿದಳು. ತೊಂದರೆ ಶುರುವಾದದ್ದು ಅಲ್ಲಿಂದ. ಊರಲ್ಲಿ ಡಿಗ್ರಿ ಮಾಡಬಹುದು, ಆದರೆ ಇಲ್ಲಿಯ ಕಾಲೇಜಿನಲ್ಲಿ ಹುಡುಗಿಯರ ಕಬಡ್ಡಿ ತಂಡವಿಲ್ಲ. ಧಾರವಾಡದ ಒಂದು ಕಾಲೇಜಿನಲ್ಲಿ ತಂಡವಿದೆ, ಹಾಸ್ಟೆಲ್ ಇದೆ, ಆಟಗಾರರಿಗೆ ಕೆಲವು ಸೀಟುಗಳಿವೆ. ಅಲ್ಲಿ ಸಿಕ್ಕರೆ ಕಬಡ್ಡಿ ಉಳಿಯುತ್ತದೆ, ಸಿಗದಿದ್ದರೆ ಇಲ್ಲಿಗೇ ಮುಗಿಯುತ್ತದೆ. ಭಾಗ್ಯಾ ಹೆಚ್ಚು ಮಾತಿನವಳಲ್ಲ. ಊಟ ಮಾಡುವಾಗ ತಟ್ಟೆ ನೋಡುತ್ತ, “ಅಪ್ಪಾ, ಅಲ್ಲಿ ಸಿಗಲಿಲ್ಲಂದ್ರ ನಾ ಬೂಟು ತಂಗಿಗಿ ಕೊಟ್ಟಬಿಡ್ತೇನಿ” ಎಂದಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅವಳು ಅಳದೆ ರೊಟ್ಟಿ ಮುರಿದು ತಿಂದಳು. ನಾನು ನನ್ನ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದೆ.

ಮನುಷ್ಯ ಸಂಕಟದಲ್ಲಿದ್ದಾಗ ಅವನ ಫೋನಿಗೆ ಅದು ಹೇಗೆ ಗೊತ್ತಾಗುತ್ತದೋ ತಿಳಿಯದು. ಮರುದಿನವೇ ಒಂದು ಸಂದೇಶ ಬಂತು. ‘ನಿಮ್ಮ ಮಕ್ಕಳಿಗೆ ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟು ಬೇಕೇ? ಪಾಲಕರ ಉಚಿತ ಸಭೆ. ಸ್ಥಳ: ಸಿಂದಗಿ. ಉಪಾಹಾರದ ವ್ಯವಸ್ಥೆ ಇದೆ.’ ನಾನು ಸಿಂದಗಿಗೆ ಹೋದದ್ದು ಉಪ್ಪಿಟ್ಟಿಗಾಗಿ ಎಂದು ಶಾಂತಾ ಹೇಳುತ್ತಾಳೆ. ಅದು ಸುಳ್ಳು. ಉಪ್ಪಿಟ್ಟು ಚೆನ್ನಾಗಿತ್ತು ಎನ್ನುವುದು ಬೇರೆ ಮಾತು. ಒಂದು ಮಂಗಲ ಕಾರ್ಯಾಲಯದಲ್ಲಿ ನನ್ನಂಥ ಪಾಲಕರು ಸಾಲಾಗಿ ಕುಳಿತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ವಿನಾಯಕ ಎಂಬವರು ಮೈಕು ಹಿಡಿದು ಮಾತಾಡಿದರು. ಮಗುವಿನ ಪ್ರೊಫೈಲ್ ತಯಾರಿಸುತ್ತಾರಂತೆ, ಆಟದ ವಿಡಿಯೋ ಮಾಡುತ್ತಾರಂತೆ, ಅದನ್ನೆಲ್ಲ ಕಾಲೇಜುಗಳ ಕೋಚುಗಳಿಗೆ ತಲುಪಿಸುತ್ತಾರಂತೆ. ಅದರಲ್ಲಿ ಸಿಲ್ವರ್, ಗೋಲ್ಡ್, ಡೈಮಂಡ್ ಎಂದು ಮೂರು ಬಗೆ, ಥೇಟ್ ಮದುವೆ ಫೋಟೋದವರ ಹಾಗೆ. ಅರ್ಧ ದುಡ್ಡು ಮುಂಗಡ, ಇನ್ನರ್ಧ ಸೀಟು ಸಿಕ್ಕ ಮೇಲೆ. ಯಾರೋ ಎದ್ದುನಿಂತು, “ನಾವ ನೇರ ಕಾಲೇಜಿಗೆ ಫೋನ್ ಹಚ್ಚಿದ್ರ ಆಗೂದಿಲ್ಲೇನ್ರಿ?” ಎಂದು ಕೇಳಿದರು. ವಿನಾಯಕ ಮೆಲ್ಲಗೆ ನಕ್ಕು, “ಹಚ್ಚರಿ. ಆದ್ರ ಆ ಕೋಚ್ ನಿಮ್ಮನ್ನ ಬಲ್ಲರೇನ್ರಿ?” ಎಂದರು.

ಆ ಮಾತು ಎಲ್ಲಿಯೋ ಕೇಳಿದಂತಿದೆಯಲ್ಲ ಎಂದು ನನಗೆ ಆಗಲೇ ಅನಿಸಬೇಕಿತ್ತು. ಅನಿಸಲಿಲ್ಲ. ಬದಲಿಗೆ ‘ಎಷ್ಟು ತಿಳಿದ ಮನುಷ್ಯ!’ ಎಂದುಕೊಂಡೆ. ಒಬ್ಬ ದಲಾಲನಿಗೆ ಇನ್ನೊಬ್ಬ ದಲಾಲ ಎದುರು ಬಂದರೆ ಗುರುತು ಸಿಗಬೇಕು. ಆದರೆ ನಾನು ಅಂದು ದಲಾಲನಾಗಿ ಹೋಗಿರಲಿಲ್ಲ, ಲಿಂಬೆಚೀಲ ಹೊತ್ತವನಾಗಿ ಹೋಗಿದ್ದೆ. ಡೈಮಂಡ್ ಕೈಗೆ ಎಟಕುವಂತಿರಲಿಲ್ಲ, ಸಿಲ್ವರ್ ತೆಗೆದುಕೊಂಡರೆ ಮಗಳಿಗೆ ಅನ್ಯಾಯ ಮಾಡಿದಂತೆ. ಗೋಲ್ಡಿಗೆ ಸಹಿ ಹಾಕಿ ಬಂದೆ. ಮನೆಯಲ್ಲಿ ಶಾಂತಾ ವಿಷಯ ಕೇಳಿ, ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿಕೊಂಡು, “ಆ ರೊಕ್ಕದಾಗ ಮಷೀನ್ ಬರ್ತಿತ್ತು” ಎಂದಳು. “ಮಗಳ ಭವಿಷ್ಯದ ಮಾತು ಆಡಾಕತ್ತೇನಿ ನಾ” ಎಂದೆ. “ನಾನೂ ಆಕಿ ಬಟ್ಟೀ ಮಾತ ಆಡಾಕತ್ತೇನಿ” ಎಂದಳು. ಆಟ ಆಡಬೇಕಾದ ಭಾಗ್ಯಾ ಮಾತ್ರ, “ಅಪ್ಪಾ, ಸೆಲೆಕ್ಷನ್ ಟ್ರಯಲ್ ಎಲ್ಲಾರಿಗೂ ಇರ್ತದಂತ ನಮ್ಮ ಪಿ.ಟಿ. ಸರ್ ಹೇಳಿದ್ರು” ಎಂದಳು. ಪಿ.ಟಿ. ಸರ್ ಪುಕ್ಕಟೆ ಹೇಳಿದ್ದು, ಹಾಗಾಗಿ ನಾನು ಅದಕ್ಕೆ ಬೆಲೆ ಕೊಡಲಿಲ್ಲ.

ವಿಡಿಯೋಗೆ ಬೇಕಾದ ಸರಕು ನಾನೇ ಒದಗಿಸಬೇಕಿತ್ತು. ಅದಕ್ಕೇನು ಕೊರತೆ! ಮಗಳ ಎಷ್ಟೋ ಪಂದ್ಯಗಳನ್ನು ನನ್ನ ಫೋನಿನಲ್ಲಿ ತೆಗೆದಿದ್ದೇನೆ. ಎಲ್ಲವನ್ನೂ ವಿನಾಯಕರ ಆಫೀಸಿಗೆ ಕಳಿಸಿದೆ. ಕೆಲವು ದಿನಗಳಲ್ಲಿ ವಿಡಿಯೋ ಸಿದ್ಧವಾಗಿ ಬಂತು. ಮನೆಮಂದಿಯನ್ನೆಲ್ಲ ಕೂರಿಸಿ ಟಿವಿಗೆ ಹಚ್ಚಿದೆ. ಮೊದಲು ಬೆಂಕಿಯ ಜ್ವಾಲೆ, ಆ ಬೆಂಕಿಯಿಂದ ಭಾಗ್ಯಾಳ ಹೆಸರು, ಹಿಂದೆ ಢೋಲಿನ ಸದ್ದು. ಆಮೇಲೆ ಆಟ. ಯಾವುದೋ ಹುಡುಗಿ ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುತ್ತಾಳೆ, ಹಿಂದೆ ಎಡಮೂಲೆಯಲ್ಲಿ ನಿಂತ ನಮ್ಮ ಭಾಗ್ಯಾ ಚಪ್ಪಾಳೆ ತಟ್ಟುತ್ತಾಳೆ. ಅವಳ ಸುತ್ತ ಒಂದು ಕೆಂಪು ವೃತ್ತ ಬೀಳುತ್ತದೆ. ಮತ್ತೊಂದು ಪಂದ್ಯ, ಮತ್ತೊಬ್ಬಳು ಮುಟ್ಟಿ ಬಂದಳು, ಭಾಗ್ಯಾ ಚಪ್ಪಾಳೆ, ಕೆಂಪು ವೃತ್ತ. ಕೊನೆಗೆ ಅವಳ ಚಪ್ಪಾಳೆಯನ್ನು ನಿಧಾನಗತಿಯಲ್ಲಿ ತೋರಿಸಿದರು. ಎರಡೂ ಅಂಗೈಗಳು ಬಹಳ ಹೊತ್ತು ತೆಗೆದುಕೊಂಡು ಒಂದನ್ನೊಂದು ಸೇರಿದವು.

“ಅಪ್ಪಾ,” ಭಾಗ್ಯಾ ಅಂದಳು, “ನಾ ಹಿಡಿಯಾಕಿ. ಕಾರ್ನರ್. ಎದುರಿನ ರೈಡರ್ ನಮ್ಮ ಅಂಕಣಕ್ಕ ಬಂದಾಗ ನಂದು ಕೆಲಸ. ನೀ ಅದನ್ನ ಒಂದೂ ತಗದಿಲ್ಲಲ್ಲ!”

ನಿಜ. ಎದುರಾಳಿ ಹುಡುಗಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ನಮ್ಮವರತ್ತ ಬರುವಾಗ ನನಗೆ ಎದೆ ಹೊಡೆದುಕೊಳ್ಳುತ್ತದೆ. ಮಗಳು ಅವಳ ಪಾದಕ್ಕೆ ಬೀಳುವುದನ್ನು, ಮೇಲೆ ಮಿಕ್ಕವರೆಲ್ಲ ಬೀಳುವುದನ್ನು ನೋಡಲಾರೆ. ಆಗೆಲ್ಲ ನಾನು ಫೋನು ಕೆಳಗಿಳಿಸಿ ನೆಲ ನೋಡುತ್ತಿದ್ದೆ. ಗಲಾಟೆ ನಿಂತು, ನಮ್ಮವರು ದಾಳಿಗೆ ಹೊರಟ ಮೇಲೆ ಧೈರ್ಯ ಬಂದು ಮತ್ತೆ ಫೋನು ಎತ್ತುತ್ತಿದ್ದೆ. ಹೀಗಾಗಿ ವರ್ಷಗಟ್ಟಲೆ ಅವಳ ಆಟ ಬಿಟ್ಟು ಉಳಿದದ್ದನ್ನೆಲ್ಲ ಚಿತ್ರೀಕರಿಸಿದ್ದೆ. ಇದನ್ನು ವಿನಾಯಕರಿಗೆ ಫೋನು ಮಾಡಿ ಹೇಳಿದೆ. “ತಂಡದ ಹುರುಪು ಹೆಚ್ಚಸೂ ಆಟಗಾರ್ತಿ ಅಂತ ಪ್ರೊಫೈಲ್‌ನಾಗ ಬರದೇವ್ರಿ, ಚಿಂತಿ ಮಾಡಬ್ಯಾಡ್ರಿ” ಎಂದರು. ಜೊತೆಗೆ ಆಕೆಯನ್ನು ರೈಡರ್ ಎಂದೂ ಬರೆದಿದ್ದರು, ಯಾಕೆಂದರೆ ಕೋಚುಗಳು ರೈಡರುಗಳನ್ನೇ ಕೇಳುತ್ತಾರಂತೆ. ಆ ಪ್ರೊಫೈಲು ಎಲ್ಲೆಲ್ಲಿಗೋ ಹೋಯಿತು. ಎಲ್ಲಿಂದಲೂ ಉತ್ತರ ಬರಲಿಲ್ಲ. ನಾನು ಕೇಳಿದಾಗಲೆಲ್ಲ ವಿನಾಯಕರು, “ಮಾರ್ಕೆಟ್ ಸ್ವಲ್ಪ ಥಂಡಾ ಐತ್ರಿ” ಎನ್ನುತ್ತಿದ್ದರು. ಅದೂ ನನ್ನದೇ ಅಂಗಡಿಯ ಮಾತು. ಆಗಲೂ ನನಗೆ ಹೊಳೆಯಲಿಲ್ಲ.

ಟ್ರಯಲ್ ದಿನ ಹತ್ತಿರ ಬರುತ್ತಿತ್ತು. ಭಾಗ್ಯಾ ತಂಗಿಯನ್ನು ಕರೆದು ಬೂಟಿನ ಅಳತೆ ನೋಡುತ್ತಿದ್ದುದನ್ನು ಕಂಡೆ. ತಂಗಿಯ ಕಾಲು ಅದರಲ್ಲಿ ಸಡಿಲವಾಗಿ ಆಡುತ್ತಿತ್ತು. “ಮುಂದಿನ ವರ್ಷ ಬರ್ತಾವ ಬಿಡು” ಎನ್ನುತ್ತಿದ್ದಳು. ಮಾರುಕಟ್ಟೆಗೆ ಹೋಗಿ ಅಂದು ಸವಾಲು ಕೂಗಿದೆನಾದರೂ ದನಿ ಏಳಲಿಲ್ಲ. ಮಧ್ಯಾಹ್ನ ಮನೆಗೆ ಬಂದರೆ ತಾಯಿ ಮಗಳು ಫೋನಿನ ಮುಂದೆ ತಲೆಗೆ ತಲೆ ಹಚ್ಚಿ ಕುಳಿತಿದ್ದರು. ಭಾಗ್ಯಾ ಪಿ.ಟಿ. ಸರ್ ಹತ್ತಿರ ನಂಬರು ಇಸಿದುಕೊಂಡು ಧಾರವಾಡದ ಕೋಚ್ ಮೇಡಂಗೆ ತಾನೇ ಫೋನು ಮಾಡಿಬಿಟ್ಟಿದ್ದಳು. ಒಂದೇ ರಿಂಗಿಗೆ ಮೇಡಂ ಎತ್ತಿದರಂತೆ! ‘ವಿಡಿಯೋ ಐತ್ರಿ ಮೇಡಂ, ಗೆದ್ದಿದ್ದು’ ಎಂದರೆ, “ಗೆದ್ದಿದ್ದು ಬ್ಯಾಡವಾ. ಎಲ್ಲಾರೂ ಗೆದ್ದಿದ್ದ ಕಳಸ್ತಾರ, ಢೋಲು ಹಚ್ಚಿ. ಸೋತ ಮ್ಯಾಚ್ ಇದ್ರ ಕಳಸು, ಕತ್ತರಿ ಹಾಕದ ಪೂರಾ ಕಳಸು” ಎಂದರಂತೆ.

ಇದನ್ನು ಕೇಳಿ ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಇಷ್ಟು ವರ್ಷ ಮಾರುಕಟ್ಟೆಯಲ್ಲಿ ನಾನು ಮಾಡುತ್ತ ಬಂದದ್ದು ಏನು? ರೈತ ಚೀಲದ ಬಾಯಿಗೆ ದಪ್ಪ ದಪ್ಪ ಕಾಯಿ ಜೋಡಿಸಿ ತಂದಿರುತ್ತಾನೆ. ಅದನ್ನು ನಾನು ನೋಡುವುದೇ ಇಲ್ಲ. ತೋಳು ಮೇಲೇರಿಸಿ ಚೀಲದ ತಳಕ್ಕೆ ಕೈ ಹಾಕಿ, ಅಲ್ಲಿಯ ಒಂದು ಹಿಡಿ ತೆಗೆದು ರೇಟು ಕಟ್ಟುತ್ತೇನೆ. ಮೇಡಂ ಮಾಡಿದ್ದು ಅಷ್ಟೇ. ಮಗಳ ವಿಷಯದಲ್ಲಿ ಮಾತ್ರ ನಾನು ಚೀಲದ ಬಾಯಿ ಸಿಂಗರಿಸಲು ದುಡ್ಡು ಕೊಟ್ಟಿದ್ದೆ. ಅದರಲ್ಲೂ ಮೇಲಿಟ್ಟದ್ದು ಬೇರೆಯವರ ಮಕ್ಕಳ ಕಾಯಿ.

ಆದರೆ ಸೋತ ಪಂದ್ಯದ ವಿಡಿಯೋ ಎಲ್ಲಿದೆ? ಸೋತದ್ದನ್ನು ನಾನು ಅಲ್ಲಲ್ಲೇ ಅಳಿಸಿಹಾಕಿದ್ದೆ. ಶಾಂತಾ ತಣ್ಣಗೆ, “ನನ್ನ ಕಡೆ ಒಂದೈತಿ” ಎಂದಳು. ಬಸವನ ಬಾಗೇವಾಡಿಯಲ್ಲಿ ಮುದ್ದೇಬಿಹಾಳದವರ ವಿರುದ್ಧ ನಡೆದ ಪಂದ್ಯ. ಅಂದು ಮಾರುಕಟ್ಟೆಯಲ್ಲಿ ಲಿಂಬೆ ವಿಪರೀತ ಬಂದು ನಾನು ಹೋಗಲಾಗದೆ, ‘ತಗದ ತಗೊಂಡ ಬಾ’ ಎಂದು ಶಾಂತಾಳಿಗೆ ಹೇಳಿದ್ದೆ. ಅವಳು ಫೋನನ್ನು ಬುತ್ತಿಡಬ್ಬಿಗೆ ಆನಿಸಿ, ಗುಂಡಿ ಒತ್ತಿ, ಪಕ್ಕದ ಹೆಣ್ಣುಮಗಳೊಂದಿಗೆ ಮಾತಿಗೆ ಕುಳಿತಿದ್ದಾಳೆ. ಪಂದ್ಯ ಮೊದಲಿಂದ ಕೊನೆಯವರೆಗೆ ಅದರಲ್ಲಿದೆ. ಚಿತ್ರ ಸ್ವಲ್ಪ ವಾಲಿದೆ. ಹಿಂದಿನಿಂದ ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಯಾವಾಗ ಹಾಕಬೇಕು ಎಂಬ ಚರ್ಚೆ ಕೇಳುತ್ತದೆ, ನಡುನಡುವೆ “ಏ ಭಾಗ್ಯಾ, ಕಾಲ ಹಿಡಿಯ ಆಕೀದು!” ಎಂಬ ಕೂಗು.

ಅಂದು ನಾನು ಮೊದಲ ಬಾರಿಗೆ ನನ್ನ ಮಗಳ ಆಟ ನೋಡಿದೆ. ಕಣ್ಣು ಮುಚ್ಚಲು ಹೋದಾಗ ಶಾಂತಾ ಮೊಣಕೈಯಿಂದ ತಿವಿದಳು. ಮುದ್ದೇಬಿಹಾಳದ ಗಟ್ಟಿಮುಟ್ಟಾದ ರೈಡರ್ ಹುಡುಗಿ ಬರುತ್ತಾಳೆ, ಭಾಗ್ಯಾ ಮೂಲೆಯಲ್ಲಿ ಬಾಗಿ ನಿಂತು ಅವಳ ಕಾಲನ್ನೇ ನೋಡುತ್ತಿರುತ್ತಾಳೆ. ಆ ಕಾಲು ಒಂದಿಷ್ಟು ಮುಂದೆ ಬಂದರೆ ಸಾಕು, ಹೋಗಿ ಹಿಡಿದಳೆಂದರೆ ಬಿಡುವ ಮಾತಿಲ್ಲ. ಒಮ್ಮೆ ಎಳೆದಾಡಿಸಿಕೊಂಡು ಗೆರೆಯವರೆಗೂ ಹೋದಳು, ಆದರೂ ಬಿಡಲಿಲ್ಲ. ಮನೆಯಲ್ಲಿ ತಟ್ಟೆ ನೋಡುತ್ತ ಮಾತಾಡುವ ಹುಡುಗಿ ಇವಳೇ ಏನು? ಔಟಾಗಿ ಹೊರಗೆ ಕುಳಿತಾಗಲೂ ಒಳಗಿದ್ದವರಿಗೆ ‘ಹಿಂದ ಸರಿ, ಈಗ ಬ್ಯಾಡ, ಈಗ ಹಿಡಿ’ ಎಂದು ಹೇಳುತ್ತಲೇ ಇದ್ದಳು. ಕೊನೆಗೆ ನಮ್ಮವರು ಸೋತರು. ಸೋತ ಮೇಲೆ ಅವಳು ಎದುರಾಳಿಗಳ ಕೈ ಕುಲುಕಿ, ಅಂಕಣದ ಆಚೆ ಬಿದ್ದಿದ್ದ ಗೆಳತಿಯ ಚಪ್ಪಲಿ ಹುಡುಕಿ ಕೊಟ್ಟಳು. ಅದೂ ವಿಡಿಯೋದಲ್ಲಿತ್ತು, ಶಾಂತಾಳಿಗೆ ಫೋನು ಬಂದ್ ಮಾಡುವುದು ನೆನಪಾಗಿರಲಿಲ್ಲ.

ವಿಡಿಯೋ ಕಳಿಸಿದ ಮರುದಿನ ಮೇಡಂ ಫೋನು ಮಾಡಿದರು. ಸ್ಪೀಕರ್ ಹಾಕಿದ್ದೆವು. “ಟ್ರಯಲ್‌ಗೆ ಬಾರವಾ. ಸೀಟಿನ ಮಾತು ಈಗ ಕೊಡಂಗಿಲ್ಲ, ಅಲ್ಲಿ ಆಡಿದ್ದರ ಮ್ಯಾಲ. ಹೊರಗ ಕುಂತಾಗೂ ನಿನ್ನ ಕಣ್ಣು ರೈಡರ್ ಕಾಲಿನ ಮ್ಯಾಲ ಇದ್ದುವಲ್ಲ, ಅದು ಚಲೋ ಅನಸ್ತು” ಎಂದರು. ಆಮೇಲೆ, “ನಿಮ್ಮ ತಾಯಿ ಅದಾರೇನು? ಬೆಳ್ಳುಳ್ಳಿ ಹುರದು ಹಾಕಬೇಕೋ ಹಸೀದ ಹಾಕಬೇಕೋ, ಅದೊಂದು ವಿಡಿಯೋದಾಗ ಸರಿ ಕೇಳಸಲಿಲ್ಲ” ಎಂದರು. ಶಾಂತಾ ಮುಂದಿನ ಮಾತನ್ನೆಲ್ಲ ತಾನೇ ಆಡಿದಳು.

ಧಾರವಾಡಕ್ಕೆ ನಾನೇ ಕರೆದೊಯ್ದೆ. ಮೈದಾನದ ಬದಿಯಲ್ಲಿ ಬೇರೆ ಪಾಲಕರೂ ಇದ್ದರು. ಕೆಲವರ ಕೈಯಲ್ಲಿ ನನ್ನ ಕೈಯಲ್ಲಿದ್ದಂಥದೇ, ವಿನಾಯಕರು ಕೊಟ್ಟ ಬಂಗಾರದ ಬಣ್ಣದ ಫೈಲು. ಒಬ್ಬರನ್ನೊಬ್ಬರು ನೋಡಿ, ಫೈಲನ್ನು ಬಗಲಿಗೆ ಸೇರಿಸಿಕೊಂಡು, ಹವೆಯ ಬಗ್ಗೆ ಮಾತಾಡಿದೆವು. ಆ ಫೈಲನ್ನು ಅಲ್ಲಿ ಯಾರೂ ಕೇಳಲಿಲ್ಲ, ಬಿಸಿಲು ಏರಿದ ಮೇಲೆ ತಲೆಯ ಮೇಲೆ ಹಿಡಿದುಕೊಳ್ಳಲು ಮಾತ್ರ ಬಂತು. ಭಾಗ್ಯಾ ಆಡಿದಳು. ನಾನು ಕಣ್ಣು ತೆರೆದುಕೊಂಡೇ ನೋಡಿದೆ. ಸಂಜೆ ಗೋಡೆಗೆ ಹೆಸರು ಹಚ್ಚಿದಾಗ ಅವಳ ಹೆಸರಿತ್ತು. ನಾನು ಖುಷಿಗೆ ಪಕ್ಕದ ಅಪರಿಚಿತ ಪಾಲಕರನ್ನು ಅಪ್ಪಿಕೊಂಡೆ. ಅವರ ಮಗಳ ಹೆಸರು ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಬಸ್ಸಿನಲ್ಲಿ ಭಾಗ್ಯಾ ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. “ತಂಗಿಗಿ ಹೊಸಾವ ಕೊಡಸಪ್ಪಾ” ಎಂದಳು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವಿನಾಯಕರ ಫೋನು ಬಂತು. “ಅಭಿನಂದನೆಗಳು ಸರ್! ನಮ್ಮ ಪ್ರೊಫೈಲ್ ಕೆಲಸ ಮಾಡ್ತು ನೋಡ್ರಿ. ಉಳಿದ ಅರ್ಧ ಯಾವಾಗ ಕಳಸ್ತೀರಿ?” ನನ್ನ ಮೈ ಉರಿಯಿತು. ‘ನೀವು ಮಾಡಿದ್ದರ ಏನ್ರಿ?’ ಎಂದು ಕೇಳಲು ಬಾಯಿ ತೆರೆದೆ. ಆಗ ಹೊಳೆಯಿತು. ಆ ವಾಕ್ಯ ನನ್ನದಲ್ಲ, ಮಲ್ಲಪ್ಪ ಕಾಕಾರದು. ಹೈದರಾಬಾದಿನಲ್ಲಿ ತಾನಾಗಿ ರೇಟು ಏರಿದಾಗ ‘ನಾ ಹೇಳಿ ಏರಿಸೇನಿ’ ಎಂದು ಪಾಲು ತೆಗೆದುಕೊಳ್ಳುವವನು, ಬಿದ್ದಾಗ ‘ಮಾರ್ಕೆಟ್ ಥಂಡಾ’ ಎನ್ನುವವನು ನಾನು. ಇಂದು ಈ ಮನುಷ್ಯನಿಗೆ ಕೊಡುವುದಿಲ್ಲ ಎಂದರೆ ನಾಳೆ ಅಂಗಡಿಯ ಬಾಗಿಲು ಯಾವ ಮುಖ ಹೊತ್ತು ತೆರೆಯಲಿ? ಸಿಟ್ಟಿನಿಂದಲೇ ಕಳಿಸಿದೆ. ಶಾಂತಾ ಮಣ್ಣಾದ ಬಟ್ಟೆಗಳನ್ನು ಕಲ್ಲಿಗೆ ಒಗೆಯುತ್ತ, “ದಲಾಲರಿಗಿ ದಲಾಲರ ಮ್ಯಾಲ ಭಾಳ ಕರುಣಿ” ಎಂದಳು. ಕಲ್ಲಿನ ಮೇಲೆ ಬೀಳುತ್ತಿದ್ದ ಏಟುಗಳು ಬಟ್ಟೆಗೆ ಮಾತ್ರ ಅಂತ ನನಗೆ ಅನಿಸಲಿಲ್ಲ.

ಈಗ ಊರಲ್ಲಿ ಮಕ್ಕಳನ್ನು ಆಟಕ್ಕೆ ಬಿಟ್ಟವರು ನನ್ನ ಹತ್ತಿರ ಬಂದು ಕೇಳುತ್ತಾರೆ, ಇಂಥವರಿಗೆ ದುಡ್ಡು ಕೊಡಬೇಕೋ ಬೇಡವೋ ಎಂದು. ‘ಖಂಡಿತ ಬೇಡ, ನೇರವಾಗಿ ಫೋನು ಮಾಡಿ, ಸೋತ ಪಂದ್ಯ ಕಳಿಸಿ, ಟ್ರಯಲ್‌ಗೆ ಹೋಗಿ’ ಎನ್ನುತ್ತೇನೆ. ಆದರೆ ಇದನ್ನು ಮನೆಯ ಕಟ್ಟೆಯ ಮೇಲೆ ಹೇಳುತ್ತೇನೆ, ಮಾರುಕಟ್ಟೆಯಲ್ಲಿ ಹೇಳುವುದಿಲ್ಲ. ಹಾಗಿದ್ದರೂ ಸುದ್ದಿ ಹೊರ್ತಿಗೆ ಮುಟ್ಟಿತ್ತು. ಮೊನ್ನೆ ಮಲ್ಲಪ್ಪ ಕಾಕಾ ಚೀಲ ಇಳಿಸಿದರು, ಚಹಾ ಕುಡಿದರು, ಹಿಂದಿನ ಮಾಲಿನ ಪಟ್ಟಿ ತೆಗೆದುಕೊಂಡರು. ಈ ಸಲ ಕನ್ನಡಕ ಮೇಲೆತ್ತಲಿಲ್ಲ, ರೂಢಿಯ ಪ್ರಶ್ನೆಯನ್ನೂ ಕೇಳಲಿಲ್ಲ. ಬಹಳ ಪ್ರೀತಿಯಿಂದ, “ಸಾವಕಾರ್ರ, ನಿಮ್ಮ ಮಗಳು ನಡುವ ಯಾರಿಲ್ಲದ ತಾನ ಫೋನ್ ಹಚ್ಚಿ ಸೀಟು ತಗೊಂಡಳಂತ. ಶಾಣ್ಯಾ ಹುಡುಗಿ. ಧಾರವಾಡಕ್ಕ ಹೋಗೂದ್ರಾಗ ಆಕೀನ್ನ ಒಂದ್ಸಲ ನಮ್ಮ ಹೊಲಕ್ಕ ಕಳಸ್ರಿ. ಹೈದರಾಬಾದಿಗಿ ಫೋನ್ ಹೆಂಗ ಹಚ್ಚೂದು ಅಂತ ನನಗೂ ಒಂಚೂರು ಕಲಿಸಲಿ” ಎಂದರು.

ನಾನು ತೋಳು ಮೇಲೇರಿಸಿ ಅವರ ಚೀಲದ ತಳಕ್ಕೆ ಕೈ ಹಾಕಿ, “ಈ ಸಲ ಕಾಯಿ ಸಣ್ಣ ಅದಾವಲ್ಲ ಕಾಕಾ” ಎಂದೆ. ಕೈ ಹೊರತೆಗೆದು ನೋಡಿದರೆ, ತಳದ ಕಾಯಿಗಳೂ ಮೇಲಿನವುಗಳಷ್ಟೇ ದಪ್ಪಗಿದ್ದವು.